ಯಾರಿಗೆ ನೀವು, ಯಾರಿಗೆ ನೀನು

ಶನಿವಾರ ಮಧ್ಯಾಹ್ನ ಅರಸೀಕೆರೆಗೆ ಫೋನ್ ಮಾಡುವುದು ನಮ್ಮ ಮನೆಯ ಹಳೇ ಪದ್ಧತಿ. ನಾನು ಪುಣೆಗೆ ಬಂದು ಇಪ್ಪತ್ತೊಂದು ವರ್ಷವಾಯಿತು. ಇಷ್ಟು ವರ್ಷವೂ ಫೋನ್ ಎತ್ತಿದ ಕೂಡಲೇ ಅಮ್ಮ ಕೇಳುವ ಮೊದಲ ಪ್ರಶ್ನೆ ಒಂದೇ: 'ಊಟ ಆಯ್ತಾ?' ಬೆಳಿಗ್ಗೆ ಹತ್ತಕ್ಕೆ ಮಾಡಿದರೂ ಅದೇ, ಸಂಜೆ ಐದಕ್ಕೆ ಮಾಡಿದರೂ ಅದೇ. ಒಂಬತ್ತು ವರ್ಷದ ನನ್ನ ಮಗಳಿಗೆ ಇದೊಂದು ತಮಾಷೆ. 'ಅಜ್ಜಿಗೆ ಬೇರೆ ಏನೂ ಕೇಳೋಕೆ ಬರಲ್ವಾ?' ಅನ್ನುತ್ತಿದ್ದಳು. ಹೋದ ವರ್ಷ ಮಳೆಗಾಲದ ಒಂದು ಶನಿವಾರ ಅವಳೇ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, 'ಅಜ್ಜೀ, ಪಾಪ್ ಮೊಗೊಸ್ಸೊಯೊ?' ಅಂದಳು. ಆ ಕಡೆ ಅಮ್ಮನಿಗೆ ಗಾಬರಿ. 'ಏನೇ ಇದು, ಪಾಪ ಪಾಪ ಅಂತಿದೆ ಮಗು? ಯಾರಿಗೆ ಏನಾಯ್ತು?'

ಯಾರಿಗೂ ಏನೂ ಆಗಿರಲಿಲ್ಲ. ಮಗಳು ಕೊರಿಯನ್ ಕಲಿಯಲು ಶುರು ಮಾಡಿದ್ದಳು. ಆ ಮಾತಿನ ಅರ್ಥ 'ಊಟ ಆಯ್ತಾ?' ಎಂದೇ. ಕೊರಿಯಾದಲ್ಲೂ ಪರಿಚಯದವರು ಸಿಕ್ಕರೆ ಇದನ್ನೇ ಕೇಳುವ ರೂಢಿ ಇದೆಯಂತೆ. ಅಜ್ಜಿ ಕೇಳುತ್ತಿದ್ದದ್ದು ಊಟದ ಲೆಕ್ಕವಲ್ಲ, 'ಚೆನ್ನಾಗಿದೀಯಾ' ಅಂತ ಕೇಳುವ ಒಂದು ರೀತಿ ಎಂಬುದು ನನ್ನ ಮಗಳಿಗೆ ತಿಳಿದದ್ದು ಕೊರಿಯಾದ ಮೂಲಕ. ನಾನು ಒಂಬತ್ತು ವರ್ಷದಲ್ಲಿ ಹೇಳಿಕೊಡಲಾಗದ್ದನ್ನು ಶನಿವಾರದ ಒಂದು ಗಂಟೆಯ ಕ್ಲಾಸು ಹೇಳಿಕೊಟ್ಟಿತ್ತು. ಸಂತೋಷವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಊರಿನಲ್ಲಿ ಕೂತು ಓದುತ್ತಿರುವ ನಿಮಗೆ ನಗು ಬರಬಹುದು. ಪುಣೆಯಲ್ಲಿ ಕನ್ನಡದ ಹುಡುಗಿಗೆ ಕೊರಿಯನ್ ಯಾಕೆ? ಇಲ್ಲಿ ಇದು ಅಂಥ ವಿಚಿತ್ರವೇನಲ್ಲ. ಪುಣೆ ಮೊದಲಿನಿಂದಲೂ ಪರಭಾಷೆಗಳ ಹುಚ್ಚಿನ ಊರು. ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಜರ್ಮನ್, ಫ್ರೆಂಚ್, ಜಪಾನಿ ಕಲಿತ ತಲೆಮಾರುಗಳೇ ಇಲ್ಲಿವೆ. ಅಹಮದನಗರ ರಸ್ತೆಯ ರಂಜಣಗಾವ್‌ನಲ್ಲಿ ಎಲ್‌ಜಿ ಕಾರ್ಖಾನೆ ಇದೆ. ತಳೇಗಾವ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯನ್ನು ಕೊಳ್ಳಲು 2023ರಲ್ಲಿ ಹ್ಯುಂಡೈ ಒಪ್ಪಂದ ಮಾಡಿಕೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರೌಢಶಾಲೆಯ ಮಟ್ಟದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಪಟ್ಟಿಯಲ್ಲಿ ಕೊರಿಯನ್ ಹೆಸರೂ ಇದೆ. ಅಪ್ಪಂದಿರಿಗೆ ಕಾರ್ಖಾನೆ ಕಾಣುತ್ತದೆ, ಮಕ್ಕಳಿಗೆ ಹಾಡು ಕೇಳಿಸುತ್ತದೆ. ಹೀಗಾಗಿ ನಮ್ಮ ಕಾಲೋನಿಯ ಎಂಟು ಮಕ್ಕಳು ಪಕ್ಕದ ಬಡಾವಣೆಯ ಒಂದು ಫ್ಲ್ಯಾಟಿಗೆ ಹೋಗಿ ಕೊರಿಯನ್ ಕಲಿಯುತ್ತವೆ. ಕಲಿಸುವಾಕೆ ಮರಾಠಿ ಹುಡುಗಿ, ಬಹಳ ಉತ್ಸಾಹಿ. ಆ ಕ್ಲಾಸಿನ ಪ್ರಚಾರದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲಿದೆ: 'ಭಾಷೆ ಸಂಸ್ಕೃತಿಯ ಕನ್ನಡಿ.' ನನ್ನ ತಕರಾರು ಇರುವುದು ಈ ಸಾಲಿನ ಜೊತೆ. ಆದರೆ ತಕರಾರಿಗೆ ಮೊದಲು ಮೆಚ್ಚುಗೆ ಹೇಳಬೇಕು, ಅದು ನ್ಯಾಯ.

ಮಗಳು ಒಂದು ವಾರ ಬಂದು ಹೇಳಿದಳು: ಕೊರಿಯನ್ನರು ಗದ್ದೆಯಲ್ಲಿರುವುದಕ್ಕೆ 'ಪ್ಯೊ' ಅನ್ನುತ್ತಾರೆ, ಅಂಗಡಿಯಿಂದ ತರುವುದಕ್ಕೆ 'ಸ್ಸಾಲ್', ತಟ್ಟೆಯಲ್ಲಿರುವುದಕ್ಕೆ 'ಪಾಪ್'. ಇಂಗ್ಲಿಷಿನಲ್ಲಿ ಮೂರೂ 'ರೈಸ್'. ನಾನು ಒಗ್ಗರಣೆ ಹಾಕುತ್ತಾ, 'ಭತ್ತ, ಅಕ್ಕಿ, ಅನ್ನ' ಅಂದೆ. ಮಗು ಕಣ್ಣರಳಿಸಿತು. ಅವಳು ಅನ್ನವನ್ನೂ ಅಕ್ಕಿಯನ್ನೂ 'ರೈಸ್' ಎಂದೇ ಕರೆಯುತ್ತಾ ಬೆಳೆದವಳು. ಮರಾಠಿಯಲ್ಲಿ ಬೇಯಿಸಿದ್ದು 'ಭಾತ್', ಹೊಲದಲ್ಲಿ ನಿಂತ ಬೆಳೆಗೂ ಎಷ್ಟೋ ಕಡೆ 'ಭಾತ್', ನಡುವೆ 'ತಾಂದೂಳ್'. 'ಹಾಗಾದ್ರೆ ಮುದ್ದೆಗೆ?' ಅಂದಳು. ನಮ್ಮ ಕಡೆ ಮುದ್ದೆಗೂ ಹಿಟ್ಟು ಎಂದೇ ಹೆಸರು, ಹಿಟ್ಟು ಉಂಡರೇನೇ ಊಟ ಉಂಡ ಹಾಗೆ, ಅನ್ನ ಹಬ್ಬಕ್ಕೆ ಮಾತ್ರ ಇದ್ದ ಕಾಲ ನಿಮ್ಮಜ್ಜಿಗೆ ಗೊತ್ತು ಅಂದೆ. ಕೊರಿಯಾದಲ್ಲಿ 'ಪಾಪ್' ಎಂದರೆ ಅನ್ನವೂ ಹೌದು, ಊಟವೂ ಹೌದು. ಯಾವುದು ಹೊಟ್ಟೆ ತುಂಬಿಸುತ್ತದೋ ಅದಕ್ಕೇ ಊಟದ ಹೆಸರು. ಇಷ್ಟು ವಿಷಯವನ್ನು ಒಂಬತ್ತು ವರ್ಷದ ಮಗುವಿಗೆ ಬೇರೆ ಹೇಗೆ ಹೇಳಬಹುದಿತ್ತು?

ಇನ್ನೊಂದು ವಾರ, ಮನೆಯಿಂದ ಹೊರಡುವಾಗಿನ ಮಾತು. ಕೊರಿಯಾದ ಮಕ್ಕಳು ಬಾಗಿಲಲ್ಲಿ ನಿಂತು 'ತಾನ್ಯೊ ಓಗೆಸ್ಸುಮ್ನಿದಾ' ಅನ್ನುತ್ತವೆ. ಪದಪದ ಬಿಡಿಸಿದರೆ 'ಹೋಗಿ ಬರ್ತೀನಿ'. ಬರೀ 'ಹೋಗ್ತೀನಿ' ಅಂದದ್ದಕ್ಕೆ ಚಿಕ್ಕಂದಿನಲ್ಲಿ ನಾನು ಬೈಸಿಕೊಂಡದ್ದು ನೆನಪಾಯಿತು. ಮರಾಠಿಯವರು ಇನ್ನೂ ಒಂದು ಹೆಜ್ಜೆ ಮುಂದೆ. ಹೊರಡುವಾಗ 'ಯೇತೋ', 'ಯೇತೆ', ಅಂದರೆ 'ಬರ್ತೀನಿ' ಎಂದಷ್ಟೇ ಹೇಳುತ್ತಾರೆ, ಹೋಗುವ ಸುದ್ದಿಯನ್ನೇ ಎತ್ತುವುದಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತು ಸ್ವಲ್ಪ ಚುಚ್ಚುತ್ತದೆ. ಇಪ್ಪತ್ತೊಂದು ವರ್ಷದ ಹಿಂದೆ ನಾನೂ ಅಮ್ಮನಿಗೆ 'ಹೋಗಿ ಬರ್ತೀನಿ' ಅಂತಲೇ ಹೇಳಿ ಬಂದದ್ದು.

ಆಮೇಲೆ ನೆಂಟಸ್ತಿಕೆಯ ಪದಗಳು ಬಂದವು. ಅಪ್ಪನ ಅಣ್ಣನಿಗೆ ಕೊರಿಯನ್ನಿನಲ್ಲಿ 'ಕುನ್ ಅಬೊಜಿ', ಎಂದರೆ ದೊಡ್ಡ ಅಪ್ಪ. ಅಪ್ಪನ ತಮ್ಮ 'ಚಾಗುನ್ ಅಬೊಜಿ', ಚಿಕ್ಕ ಅಪ್ಪ. ಮದುವೆಯಾದ ಹೆಣ್ಣಿನ ತವರಿಗೆ ಅಲ್ಲಿಯೂ ಬೇರೆಯದೇ ಪದವಿದೆ, 'ಚಿನ್‌ಜೊಂಗ್'. 'ಉರಿ' ಎಂದರೆ 'ನಮ್ಮ'. ಒಬ್ಬಳೇ ಮಗಳಿದ್ದರೂ 'ಉರಿ' ಅಮ್ಮ ಅನ್ನಬೇಕಂತೆ, ನಾವು 'ನಮ್ಮಮ್ಮ' ಅನ್ನುವ ಹಾಗೆ. ಅಮ್ಮ, ಅಪ್ಪ ಎಂಬ ಪದಗಳಂತೂ ಹೆಚ್ಚುಕಡಿಮೆ ನಮ್ಮವೇ.

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಈ ಹೋಲಿಕೆ ನೋಡಿ ವಾಟ್ಸಾಪಿನಲ್ಲಿ 'ಕೊರಿಯನ್ ಹುಟ್ಟಿದ್ದೇ ನಮ್ಮ ದ್ರಾವಿಡ ಭಾಷೆಯಿಂದ' ಎಂಬ ಸಂದೇಶಗಳು ಓಡಾಡುತ್ತಿರುತ್ತವೆ. ಇದು ಹೊಸ ಮಾತೂ ಅಲ್ಲ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಪುಸ್ತಕ ಬರೆದಿದ್ದ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪಿಲ್ಲ. ಅಮ್ಮ, ಅಪ್ಪ, ಮಾಮಾ, ಪಾಪಾಗಳು ಲೋಕದ ಎಷ್ಟೋ ಭಾಷೆಗಳಲ್ಲಿ ಹೀಗೇ ಇರುವುದೇಕೆಂದು ರೋಮನ್ ಯಾಕಬ್ಸನ್ ಒಂದು ಪ್ರಸಿದ್ಧ ಲೇಖನ ಬರೆದಿದ್ದಾನೆ: ಕೂಸಿನ ತುಟಿಗೆ ಮೊದಲು ಒಲಿಯುವ ಸದ್ದುಗಳು ಅವು, ಅಷ್ಟೇ. ಕ್ರಿಯಾಪದ ಕೊನೆಗೆ ಬರುವುದು, ವಿಭಕ್ತಿ ನಾಮಪದದ ಹಿಂದೆ ಅಂಟಿಕೊಳ್ಳುವುದು ಜಪಾನಿಯಲ್ಲೂ ಇದೆ, ತುರ್ಕಿಯಲ್ಲೂ ಇದೆ. ನಮ್ಮಂತೆ ಇದ್ದಾರೆ ಎಂದು ಖುಷಿಪಡೋಣ, ನಮ್ಮಿಂದಲೇ ಹುಟ್ಟಿದರು ಅನ್ನುವುದು ಬೇಡ. ಮಕ್ಕಳಿಗೆ ಈ ವ್ಯತ್ಯಾಸ ಹೇಳಿಕೊಡುವುದೂ ಭಾಷೆಯ ಪಾಠವೇ.

ಸರಿ, ತಕರಾರಿಗೆ ಬರುತ್ತೇನೆ.

ಮೂರನೇ ತಿಂಗಳಲ್ಲಿ ಗೌರವದ ಮಾತುಗಳ ಪಾಠ ಬಂತು. ಕೊರಿಯನ್ನಿನಲ್ಲಿ ಹಿರಿಯರೊಡನೆ ಆಡುವ ಮಾತಿಗೆ 'ಜೊಂದೆನ್‌ಮಾಲ್' ಎಂದು ಹೆಸರು, ಓರಗೆಯವರ ಮತ್ತು ಕಿರಿಯರ ಜೊತೆಗಿನ ಮಾತಿಗೆ 'ಪಾನ್‌ಮಾಲ್'. ಪಾನ್ ಎಂದರೆ ಅರ್ಧ. ಪಾನ್‌ಮಾಲ್ ಎಂದರೆ ಅರೆಮಾತು. ಕ್ರಿಯಾಪದದ ಬಾಲ ಮಾತ್ರವಲ್ಲ, ಕೆಲವು ಪದಗಳೇ ಬದಲಾಗುತ್ತವೆ. ಮಗುವಿನ ಊಟ 'ಪಾಪ್' ಆದರೆ ಅಜ್ಜನ ಊಟ 'ಜಿನ್‌ಜಿ'. ಮಕ್ಕಳಿಗೆ ಕೊಟ್ಟ ಹಾಳೆಯಲ್ಲಿ ಬಣ್ಣದ ಚೌಕದೊಳಗೆ ಪಾಠದ ಸಾರ ಬರೆದಿತ್ತು: 'ಕೊರಿಯನ್ನರು ಹಿರಿಯರನ್ನು ಗೌರವಿಸುತ್ತಾರೆ. ಅದು ಅವರ ಭಾಷೆಯಲ್ಲಿ ಕಾಣುತ್ತದೆ.' ಕೆಳಗೆ ಬಾಗಿ ನಮಸ್ಕರಿಸುವ ಹುಡುಗನ ಚಿತ್ರ.

ಸುಳ್ಳಲ್ಲ. ಆದರೆ ಇದು ಅರೆಮಾತೇ. 'ಭಾಷೆ ಸಂಸ್ಕೃತಿಯ ಕನ್ನಡಿ' ಎಂದು ಮಕ್ಕಳಿಗೆ ಹೇಳುವಾಗ ನಾವೆಲ್ಲ ಮಾಡುವ ಕೆಲಸ ಇದು. ಕನ್ನಡಿಯ ಮುಂದೆ ಒಳ್ಳೆ ಬಟ್ಟೆ ಹಾಕಿಕೊಂಡು ನಿಲ್ಲುತ್ತೇವೆ. ಊಟ, ಉಪಚಾರ, ಗೌರವ, ಹಬ್ಬ. ಆದರೆ ಗೌರವದ ಮಾತು ಇರುವ ಪ್ರತಿಯೊಂದು ಭಾಷೆಯಲ್ಲೂ ಗೌರವ ಕೊಡದಿರುವ ಮಾತೂ ಇರುತ್ತದೆ. ಒಬ್ಬರಿಗೆ 'ನೀವು' ಅನ್ನುವ ಭಾಷೆಯಲ್ಲಿ ಮಾತ್ರ ಇನ್ನೊಬ್ಬರಿಗೆ 'ನೀನು' ಅಂದು ಕೆಳಗಿಡಲು ಸಾಧ್ಯ. ಅರೆಮಾತು ಗೆಳೆಯರ ನಡುವೆ ಸಲಿಗೆ, ಅಪರಿಚಿತರ ನಡುವೆ ಜಗಳ. 2021ರ 'ಸ್ಕ್ವಿಡ್ ಗೇಮ್' ಸರಣಿಯನ್ನು ನೀವು ನೋಡಿರಬಹುದು (ಅದು ಮಕ್ಕಳು ನೋಡುವಂಥದ್ದಲ್ಲ). ಅದರಲ್ಲಿ ನಮ್ಮ ದೇಶದ ನಟ ಅನುಪಮ್ ತ್ರಿಪಾಠಿ ಮಾಡಿದ ಅಲಿ ಎಂಬ ವಲಸೆ ಕೂಲಿಯ ಪಾತ್ರವಿದೆ. ಅವನು ಎಲ್ಲರ ಮುಂದೆ ಬಾಗಿ, ಓದಿದ ಒಬ್ಬನನ್ನು 'ಸಾಜಂಗ್‌ನಿಮ್', ಅಂದರೆ ಧಣಿ, ಎಂದು ಕರೆಯುತ್ತಾನೆ. ಆತ 'ಹ್ಯೊಂಗ್ ಅನ್ನು', ಅಣ್ಣ ಅನ್ನು, ಅನ್ನುತ್ತಾನೆ. ಅಣ್ಣ ಎಂದು ಕರೆಸಿಕೊಂಡವನೇ ಕೊನೆಗೆ ಅವನಿಗೆ ಮೋಸ ಮಾಡುತ್ತಾನೆ. ಒಂದು ನೆಂಟಸ್ತಿಕೆಯ ಪದ ಹೇಗೆ ಪ್ರಾಣ ತೆಗೆಯಬಹುದು ಎಂಬುದನ್ನು ಕೊರಿಯನ್ನರೇ ತಮ್ಮ ಕಥೆಯಲ್ಲಿ ತೋರಿಸಿದ್ದಾರೆ. ಬಣ್ಣದ ಚೌಕದಲ್ಲಿ ಇದಕ್ಕೆ ಜಾಗವಿಲ್ಲ.

ಕನ್ನಡಿಯ ಇನ್ನೊಂದು ತೊಂದರೆ ಅದು ಹಳೆಯದು ಎಂಬುದು. ಅಮ್ಮನ ಅಮ್ಮನಿಗೆ ಕೊರಿಯನ್ನಿನಲ್ಲಿ 'ವೆ ಹಲ್ಮೊನಿ'. ಹಲ್ಮೊನಿ ಎಂದರೆ ಅಜ್ಜಿ, 'ವೆ' ಎಂದರೆ ಹೊರಗಿನ. ಅಪ್ಪನ ಅಮ್ಮ ಬರೀ ಅಜ್ಜಿ, ಅಮ್ಮನ ಅಮ್ಮ ಹೊರಗಿನ ಅಜ್ಜಿ! ಮಗಳು ಅಂದು ಮುಖ ಊದಿಸಿಕೊಂಡು ಬಂದಳು. 'ಅರಸೀಕೆರೆ ಅಜ್ಜಿ ಹೇಗೆ ಹೊರಗಿನವರು?' ನಾನೂ ಮೊದಲು ಕೊರಿಯನ್ನರ ಮೇಲೆ ಸಿಟ್ಟಾದೆ. ಆಮೇಲೆ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ನಮ್ಮದೇ ಗಾದೆ ನೆನಪಾಗಿ ಸುಮ್ಮನಾದೆ. ಕೊರಿಯಾದ ಕಾನೂನು ಈಗ ಬದಲಾಗಿದೆ. ಮನೆಗೆ ಗಂಡಸೇ ಯಜಮಾನ ಎಂದು ಗುರುತಿಸಿ ಕುಟುಂಬದ ದಾಖಲೆ ಇಡುವ ಪದ್ಧತಿಯನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ 2005ರಲ್ಲಿ ತಳ್ಳಿಹಾಕಿತು, 2008ರಿಂದ ಅದು ಇಲ್ಲ. ವಯಸ್ಸು ಎಣಿಸುವ ಹಳೆಯ ಕ್ರಮವನ್ನೂ ಕೈಬಿಟ್ಟು, ಹುಟ್ಟಿದ ದಿನದಿಂದ ಲೆಕ್ಕ ಹಾಕುವುದೇ ಅಧಿಕೃತವೆಂದು 2023ರ ಜೂನ್ 28ರಿಂದ ಜಾರಿಗೆ ತಂದರು. ಆದರೂ 'ಹೊರಗಿನ ಅಜ್ಜಿ' ಎಂಬ ಪದ ಉಳಿದುಕೊಂಡಿದೆ. ಆ ಪದ ನೋಡಿ ಇಂದಿನ ಕೊರಿಯಾದ ಹುಡುಗಿಗೆ ತನ್ನ ಅಜ್ಜಿಯ ಮೇಲೆ ಪ್ರೀತಿ ಕಡಿಮೆ ಎಂದು ತೀರ್ಮಾನಿಸಿದರೆ ಅದೆಂಥ ಮೂರ್ಖತನ! ಪದ ತೋರಿಸುವುದು ಒಂದಾನೊಂದು ಕಾಲದ ಮನೆಯನ್ನು. ಈಗ ಆ ಮನೆಯಲ್ಲಿ ಯಾರಿದ್ದಾರೆ ಎಂದು ಕದ ತಟ್ಟಿಯೇ ನೋಡಬೇಕು.

ಇದನ್ನು ಕದ ತಟ್ಟಿ ನೋಡಿದವರೊಬ್ಬರು ಇದೇ ಪುಣೆಯಲ್ಲಿದ್ದರು. ಡೆಕ್ಕನ್ ಕಾಲೇಜಿನ ಇರಾವತಿ ಕರ್ವೆ. ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ 1953ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕ ನೆಂಟಸ್ತಿಕೆಯ ಪದಗಳನ್ನು ಭಾಷೆ ಭಾಷೆಗೂ ಪಟ್ಟಿ ಮಾಡಿದೆ. ಕನ್ನಡದಲ್ಲಿ ತಾಯಿಯ ತಮ್ಮನೂ ಮಾವ, ಗಂಡನ ಅಪ್ಪನೂ ಮಾವ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಸೋದರಸಂಬಂಧದ ಮದುವೆಯ ಗುರುತು ಇದು. ಮರಾಠಿಯಲ್ಲಿ ಮಾಮಾ ಬೇರೆ, ಸಾಸರಾ ಬೇರೆ. ಆದರೆ ಕರ್ವೆ ಪದಗಳ ಪಟ್ಟಿಗೆ ನಿಲ್ಲಲಿಲ್ಲ. ಜನ ನಿಜವಾಗಿ ಯಾರನ್ನು ಮದುವೆಯಾಗುತ್ತಾರೆ, ಯಾರ ಮನೆಯಲ್ಲಿ ಬದುಕುತ್ತಾರೆ ಎಂದು ಊರೂರು ತಿರುಗಿ ಕೇಳಿದರು. ನಮ್ಮ ಮನೆಯಲ್ಲಿ ಈಗ ಯಾರೂ ಸೋದರಮಾವನನ್ನು ಮದುವೆಯಾಗುವುದಿಲ್ಲ. ಪದ ಮಾತ್ರ ಹಾಗೇ ಇದೆ.

ಇಷ್ಟೆಲ್ಲ ದೊಡ್ಡ ಮಾತು ಬರೆಯುವ ಯೋಗ್ಯತೆ ನನಗೆಷ್ಟಿದೆ ಎಂಬುದನ್ನೂ ಹೇಳಿಬಿಡಬೇಕು. ನಮ್ಮ ಮನೆಗೆ ಹನ್ನೊಂದು ವರ್ಷದಿಂದ ಕೆಲಸಕ್ಕೆ ಬರುವ ಒಬ್ಬ ಹಿರಿಯ ಹೆಂಗಸಿದ್ದಾರೆ. ಎಲ್ಲರಿಗೂ ಅವರು 'ಮಾವಶಿ'. ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ ಅಥವಾ ದೊಡ್ಡಮ್ಮ, ತಾಯಿಯ ಒಡಹುಟ್ಟಿದವಳು. ಗೌರವದ ಮಾತಿನ ಪಾಠ ಆದ ಎರಡು ದಿನಕ್ಕೆ ನಾನು ಅವರಿಗೆ, 'ಮಾವಶಿ, ತೂ ಉದ್ಯಾ ಲವಕರ್ ಯೇ' ಅಂದೆ. ನೀನು ನಾಳೆ ಬೇಗ ಬಾ. ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿದಳು. ಅವರು ಹೋದ ಮೇಲೆ ಕೇಳಿದಳು: 'ಅಮ್ಮ, ಮಾವಶಿ ನಿನಗಿಂತ ದೊಡ್ಡವರಲ್ವಾ? ಯಾಕೆ ತೂ?'

'ಮರಾಠಿಯಲ್ಲಿ ಆಯಿಗೂ ತೂ ಅಂತಾರೆ ಪುಟ್ಟ. ನಾವು ದೇವರಿಗೂ ನೀನು ಅನ್ನಲ್ವಾ? ಅದು ಪ್ರೀತಿ' ಅಂದೆ. ವ್ಯಾಕರಣದ ಪ್ರಕಾರ ನನ್ನ ಉತ್ತರ ಸರಿಯಾಗಿತ್ತು.

'ಹಾಗಾದ್ರೆ ಮೇಲಿನ ಮನೆ ಕಾಕೂಗೆ ಯಾಕೆ ತುಮ್ಹೀ ಅಂತೀಯ? ಅವರು ಮಾವಶಿಗಿಂತ ಚಿಕ್ಕವರು.'

ನನ್ನ ಬಳಿ ಉತ್ತರವಿರಲಿಲ್ಲ. ಕೊರಿಯನ್ ಕಲಿಸುವ ಹುಡುಗಿ ಹೇಳಿಕೊಟ್ಟ ನಿಯಮವನ್ನು ಮಗು ನಮ್ಮ ಮನೆಗೆ ಹಚ್ಚಿ ನೋಡಿತ್ತು, ಲೆಕ್ಕ ತಾಳೆಯಾಗಲಿಲ್ಲ. ನಮ್ಮಲ್ಲಿ 'ನೀವು' ಹುಟ್ಟುವುದು ವಯಸ್ಸಿನಿಂದ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ವಯಸ್ಸಿನ ಜೊತೆ ಜಾತಿ, ಸಂಬಳ, ಮನೆಯ ವಿಳಾಸ ಎಲ್ಲವೂ ಸೇರಿ ಅದು ಹುಟ್ಟುತ್ತದೆ ಎಂಬುದನ್ನು ಹೇಳುವುದಿಲ್ಲ. ಊರಿನಲ್ಲಿ ನಮ್ಮ ತೋಟಕ್ಕೆ ಬರುತ್ತಿದ್ದ ಅಜ್ಜನಿಗೆ ನಾನು ಮಗುವಾಗಿದ್ದಾಗಲೇ 'ಬಾರೋ, ಹೋಗೋ' ಅನ್ನುತ್ತಿದ್ದೆ, ಯಾರೂ ತಿದ್ದಲಿಲ್ಲ. ಕನ್ನಡವೂ ಕನ್ನಡಿಯೇ. ಅದರಲ್ಲಿ ನಾನು ಆ ಮೂಲೆಯನ್ನು ನೋಡಿಕೊಂಡಿರಲಿಲ್ಲ.

ಹಾಗಾಗಿ ಕೊರಿಯನ್ ಪಾಠದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಅದು ತಪ್ಪು ಹೇಳಲಿಲ್ಲ, ಅರ್ಧಕ್ಕೆ ನಿಲ್ಲಿಸಿತು. ಇನ್ನೊಂದು ಭಾಷೆಯ ಚಂದವನ್ನು ತೋರಿಸಿ ಚಪ್ಪಾಳೆ ಹೊಡೆಸುವುದು ಪಾಠದ ಮೊದಲ ಅರ್ಧ. 'ನಿಮ್ಮ ಮನೆಯಲ್ಲಿ ಯಾರಿಗೆ ನೀವು, ಯಾರಿಗೆ ನೀನು?' ಎಂದು ಕೇಳುವುದು ಎರಡನೆಯ ಅರ್ಧ. ಚಿಕ್ಕ ಮಕ್ಕಳಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಹೇಳುವವರು ನಮ್ಮ ಮನೆಗೆ ಬರಲಿ. ಅವರಿಗೆ ತಿಳಿದಷ್ಟು ನಮಗೆ ತಿಳಿಯುವುದಿಲ್ಲ. ನಮಗೆ ಅಭ್ಯಾಸವಾಗಿ ಹೋಗಿರುತ್ತದೆ.

ಕನ್ನಡ ಕಲಿಸುವ ನಮ್ಮ ರೀತಿಯ ಬಗ್ಗೆಯೂ ಒಂದು ಮಾತು. ಹೊರನಾಡಿನಲ್ಲಿರುವ ನಾವು ಮಕ್ಕಳಿಗೆ ರಾಜ್ಯೋತ್ಸವಕ್ಕೆ ಒಂದು ಪದ್ಯ ಬಾಯಿಪಾಠ ಮಾಡಿಸುತ್ತೇವೆ, ಅ ಆ ಇ ಈ ತಿದ್ದಿಸುತ್ತೇವೆ, ಅಲ್ಲಿಗೆ ಕನ್ನಡ ಮುಗಿಯಿತು. ಕೊರಿಯಾದ ರಾಜ ಸೆಜೊಂಗ್ 1443ರಲ್ಲಿ ತನ್ನ ಜನರಿಗಾಗಿ ಲಿಪಿ ರೂಪಿಸಿ 1446ರಲ್ಲಿ ಪ್ರಕಟಿಸಿದ. ಚೀನೀ ಅಕ್ಷರ ಬಲ್ಲ ಆಸ್ಥಾನದ ಪಂಡಿತರು ಅದನ್ನು ವಿರೋಧಿಸಿದ್ದರು. ಆ ಲಿಪಿಯಲ್ಲಿ 'ಮ' ಅಕ್ಷರ ಬಾಯಿಯ ಆಕಾರದ ಚೌಕ, ಗಂಟಲಿನ ಗುರುತಿಗೆ ದುಂಡನೆಯ ಸೊನ್ನೆ. ಮಗಳು ಇದನ್ನು ಬೆರಗಿನಿಂದ ಹೇಳಿದಾಗ ಅವಳ ಕೈಯನ್ನು ಅವಳ ಗಂಟಲ ಮೇಲಿಟ್ಟು, 'ಕ ಅನ್ನು, ಚ ಅನ್ನು, ಟ, ತ, ಪ ಅನ್ನು' ಅಂದೆ. ಗಂಟಲಿನಿಂದ ಶುರುವಾಗಿ ತುಟಿಯವರೆಗೆ ಸದ್ದು ನಡೆದುಬಂತು. 'ಅರೆ, ಕನ್ನಡದಲ್ಲೂ ಇದೆಯಾ!' ಅಂದಳು. ಇತ್ತು ಮಗಳೇ, ನಾನೇ ಹೇಳಿರಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಒಂದನೇ ತರಗತಿಯಿಂದಲೇ ಹಿಂದಿ ಕಲಿಸಲು ಆದೇಶಿಸಿತು. ವಿರೋಧ ಜೋರಾಗಿ ಜೂನ್ 29ರಂದು ಹಿಂತೆಗೆದುಕೊಂಡಿತು. ಮಗುವಿಗೆ ಎಷ್ಟು ಭಾಷೆ, ಯಾವ ಭಾಷೆ ಎಂದು ನಮ್ಮ ಕಾಲೋನಿಯಲ್ಲೂ ಎರಡು ತಿಂಗಳು ವಾದ ನಡೆಯಿತು. ಆ ಭಾಷೆಯಲ್ಲಿ ಮಗು ಯಾರ ಜೊತೆ ಮಾತಾಡುತ್ತದೆ, ಏನು ಕೇಳುತ್ತದೆ ಎಂಬ ಮಾತು ಆ ವಾದದಲ್ಲಿ ಬಂದದ್ದು ನನಗೆ ನೆನಪಿಲ್ಲ.

ಮಾರನೆಯ ದಿನ ಮಾವಶಿ ಬೇಗ ಬಂದರು. ಮಗಳು ಬಾಗಿಲಿಗೆ ಓಡಿ, 'ಮಾವಶಿ, ತುಮ್ಹೀ ಜೇವಲಾತ ಕಾ?' ಅಂದಳು. ನೀವು ಊಟ ಮಾಡಿದಿರಾ? ಬೆಳಿಗ್ಗೆ ಏಳೂವರೆಗೆ! ಮಾವಶಿ ನಕ್ಕು ಅವಳ ಕೆನ್ನೆ ಹಿಂಡಿ, 'ನನಗೆ ತುಮ್ಹೀ ಅನ್ನಬೇಡ ಬಾಳಾ, ಪರಕೀಯಳ ಹಾಗೆ ಅನ್ನಿಸುತ್ತೆ. ತೂ ಅನ್ನು' ಅಂದರು. ಅವಳು ತೂ ಅಂದಳು. ಇಬ್ಬರೂ ನಕ್ಕರು.

ನಾನು ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಅಂದಿನಿಂದ ನಾನೂ ಅವರಿಗೆ 'ತುಮ್ಹೀ' ಅನ್ನುತ್ತಿದ್ದೇನೆ. ಮೊದಲ ವಾರ ನಾಲಿಗೆ ತೊಡರುತ್ತಿತ್ತು, ಈಗ ರೂಢಿಯಾಗಿದೆ. ಮಾವಶಿಗೆ ಗೊತ್ತಾಗಿದೆ, ಮುಖ ನೋಡಿದರೆ ತಿಳಿಯುತ್ತದೆ. ಆದರೆ 'ತೂ ಅನ್ನು' ಎಂದು ಅವರು ನನಗೆ ಇವತ್ತಿನವರೆಗೂ ಹೇಳಿಲ್ಲ.